ಕ್ಷೌರದಂಗಡಿಯ ಮ್ಯಾಂಡೋಲಿನ್ ಒಂಟಿಯಾಗಿ ವೇದಿಕೆ ಏರಿದ್ದು ಹೇಗೆ?

ಕ್ಷೌರದಂಗಡಿಯಲ್ಲಿ ಸರದಿಗೆ ಕಾದು ಕೂತವರ ಕೈಗೆ ನಮ್ಮಲ್ಲಿ ಸಿಗುವುದು ಪೇಪರು. ಇಟಲಿಯ ದಕ್ಷಿಣದ ಊರುಗಳಲ್ಲಿ, ಇವತ್ತಿಗೆ ನೂರು ನೂರಿಪ್ಪತ್ತು ವರ್ಷದ ಕೆಳಗೆ, ಸಿಗುತ್ತಿದ್ದದ್ದು ಮ್ಯಾಂಡೋಲಿನ್! ಗೋಡೆಯ ಮೊಳೆಗೆ ನೇತುಹಾಕಿರುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಂಗಡಿಯವನೇ ಇಳಿಸಿಕೊಂಡು ಮೀಟುವುದು, ಗಿರಾಕಿ ಬಂದರೆ ಅವನ ಕೈಗೆ ಕೊಟ್ಟು ತಾನು ಕತ್ತರಿ ಹಿಡಿಯುವುದು. ಎಷ್ಟೋ ಹುಡುಗರು ಸಂಗೀತದ ಮೊದಲ ಪಾಠ ಕಲಿತದ್ದು ಇಂಥ ಅಂಗಡಿಗಳ ಬೆಂಚಿನ ಮೇಲೆ. ನಮಗೇನು ಇದು ಹೊಸದಲ್ಲ ಬಿಡಿ. ನಮ್ಮ ಊರುಗಳಲ್ಲೂ ಮದುವೆ ಮನೆಯ ವಾಲಗ ತಲೆತಲಾಂತರದಿಂದ ಉಳಿದು ಬಂದಿರುವುದು ಬಹುಮಟ್ಟಿಗೆ ಸವಿತಾ ಸಮಾಜದವರ ಉಸಿರಿನಿಂದಲೇ.

ಅಂಗಡಿಯ ವಾದ್ಯ ಅಂದಮೇಲೆ ಮರ್ಯಾದೆ ಅಷ್ಟಕ್ಕಷ್ಟೆ. ಕಿಟಕಿಯ ಕೆಳಗೆ ನಿಂತು ಹುಡುಗಿಗೆ ಹಾಡು ಹೇಳುವವನ ವಾದ್ಯ, ಹೋಟೆಲಿನಲ್ಲಿ ಊಟದ ಮೇಜುಗಳ ಸುತ್ತ ತಿರುಗಿ ಚಿಲ್ಲರೆ ಗಿಟ್ಟಿಸುವವನ ವಾದ್ಯ ಅಂತ ಹೆಸರು. ಪಿಟೀಲು, ಪಿಯಾನೋ ಕಲಿತ ದೊಡ್ಡ ವಿದ್ವಾಂಸರು ಇದನ್ನು ತಮ್ಮ ಪಂಕ್ತಿಯಲ್ಲಿ ಕೂರಿಸಿಕೊಳ್ಳಲು ಸುಲಭವಾಗಿ ಒಪ್ಪಲಿಲ್ಲ.

ಇಂಥ ವಾದ್ಯವನ್ನು ಎತ್ತಿಕೊಂಡು, ಪಿಯಾನೋ ಬೇಡ, ಗಿಟಾರ್ ಬೇಡ, ಪಕ್ಕವಾದ್ಯ ಯಾವುದೂ ಬೇಡ, ಒಬ್ಬನೇ ಕುರ್ಚಿ ಹಾಕಿಕೊಂಡು ಕೂತು ಸಭೆಯನ್ನು ಕಟ್ಟಿಹಾಕುತ್ತೇನೆ ಅಂತ ಹೊರಟ ಕೆಲವರಿದ್ದರು. ಅವರಲ್ಲಿ ಎದ್ದು ಕಾಣುವವನು ನೇಪಲ್ಸ್ ಪಟ್ಟಣದ ಒಬ್ಬ ಅಂಗಡಿಕಾರ. ಹೆಸರು ರಫಯೇಲೆ ಕಲಾಚೆ. ಅವನ ವಿಷಯಕ್ಕೆ ಬರುವ ಮುಂಚೆ ವಾದ್ಯದ ತಾಪತ್ರಯ ಏನು ಅನ್ನುವುದು ಗೊತ್ತಾಗಬೇಕು.

ಟಿಣ್ ಅಂದು ಆರಿಹೋಗುವ ನಾದ

ಮ್ಯಾಂಡೋಲಿನ್ ನಮ್ಮವರಿಗೆ ಅಪರಿಚಿತವೇನಲ್ಲ. ಹಳೇ ಸಿನಿಮಾ ಹಾಡುಗಳಲ್ಲಿ ಪಲ್ಲವಿ ಮುಗಿದು ಚರಣ ಶುರುವಾಗುವ ಮುನ್ನ ಟಿಣಿಟಿಣಿ ಅಂತ ಮಿಂಚಿ ಹೋಗುವ ತಂತಿಯ ದನಿ ಎಷ್ಟೋ ಸಲ ಇದರದ್ದೇ. 1995ರಲ್ಲಿ ಬಂದ ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಚಿತ್ರದಲ್ಲಿ ಶಾರುಖ್ ಖಾನ್ ಕೈಯಲ್ಲಿ ಹಿಡಿದು ತಿರುಗಿದ್ದೂ ಇದನ್ನೇ.

ನೇಪಲ್ಸಿನ ಮ್ಯಾಂಡೋಲಿನ್ ಬೆನ್ನು ಸೋರೆಬುರುಡೆಯ ಹಾಗೆ ಉಬ್ಬಿಕೊಂಡಿರುತ್ತದೆ. ತೆಳ್ಳನೆಯ ಮರದ ಪಟ್ಟಿಗಳನ್ನು ಬಗ್ಗಿಸಿ, ಒಂದರ ಪಕ್ಕ ಒಂದು ಅಂಟಿಸಿ ಮಾಡಿದ ಬುರುಡೆ ಅದು. ತಂತಿ ಎಂಟು, ಆದರೆ ಎರಡೆರಡರ ಜೋಡಿ, ಒಂದೊಂದು ಜೋಡಿಗೂ ಒಂದೇ ಶ್ರುತಿ. ಅಂದ್ರೆ ಲೆಕ್ಕಕ್ಕೆ ನಾಲ್ಕೇ. ಆ ನಾಲ್ಕರ ಶ್ರುತಿ ಥೇಟು ಪಾಶ್ಚಾತ್ಯ ಪಿಟೀಲಿನದು. ನಮ್ಮ ವೀಣೆಗಿರುವ ಹಾಗೆ ಮೆಟ್ಟಿಲುಗಳುಂಟು. ಬಲಗೈಯಲ್ಲಿ ಮೀಟುವುದಕ್ಕೆ ಒಂದು ಪುಟ್ಟ ಬಿಲ್ಲೆ, ವಾದಕರ ಬಾಯಲ್ಲಿ ಪ್ಲೆಕ್ಟ್ರಮ್. ಇಡೀ ವಾದ್ಯ ತೂಗಿದರೆ ಒಂದು ಕಿಲೋ ಕೂಡ ಇಲ್ಲ.

ತಾಪತ್ರಯ ಇರುವುದು ಆ ಬಿಲ್ಲೆಯಲ್ಲಿ. ಪಿಟೀಲಿಗೆ ಕಮಾನು ಇದೆ. ಎಳೆದಷ್ಟು ಹೊತ್ತು ಸ್ವರ ನಿಲ್ಲುತ್ತದೆ. ಗಿಟಾರ್ ಮೀಟಲು ಹೆಬ್ಬೆರಳೂ ಸೇರಿ ನಾಲ್ಕು ಬೆರಳು. ಹೆಬ್ಬೆರಳು ದಪ್ಪ ತಂತಿಯ ಕೆಳಸ್ವರ ನೋಡಿಕೊಂಡರೆ ಉಳಿದ ಬೆರಳುಗಳು ಹಾಡು ನುಡಿಸುತ್ತವೆ. ಮ್ಯಾಂಡೋಲಿನ್ ಪಾಲಿಗೆ ಬಂದದ್ದು ಒಂದೇ ಒಂದು ಬಿಲ್ಲೆ. ಟಿಣ್ ಅಂತ ಮೀಟಿದರೆ ಕಣ್ಣುಮಿಟುಕಿಸುವಷ್ಟರಲ್ಲಿ ನಾದ ಆರಿಹೋಗುತ್ತದೆ.

ಅದಕ್ಕೆ ಕಂಡುಕೊಂಡ ಉಪಾಯದ ಹೆಸರು ಟ್ರೆಮೊಲೊ. ಬಿಲ್ಲೆಯನ್ನು ಕೆಳಕ್ಕೂ ಮೇಲಕ್ಕೂ ಸೆಕೆಂಡಿಗೆ ಹತ್ತು ಸಲದ ಆಸುಪಾಸು ಆಡಿಸುವುದು. ಒಂದು ಟಿಣ್ ಸಾಯುವ ಮೊದಲೇ ಇನ್ನೊಂದು ಹುಟ್ಟುತ್ತದೆ. ಸೈಕಲ್ ಚಕ್ರ ಜೋರಾಗಿ ತಿರುಗಿದರೆ ಕಡ್ಡಿಗಳೆಲ್ಲ ಒಂದಾಗಿ ಕಾಣುತ್ತವಲ್ಲ, ಹಾಗೆ. ದೂರ ಕೂತವನ ಕಿವಿಗೆ ಅದು ಒಂದೇ ಉದ್ದದ ಸ್ವರ.

ಸರಿ, ಹಾಡಾಯಿತು. ಹಾಡಿಗೆ ಒತ್ತಾಸೆ ಕೊಡುವ ಕೆಳಸ್ವರ ಯಾರು ನುಡಿಸಬೇಕು? ಪಾಶ್ಚಾತ್ಯ ಸಂಗೀತದಲ್ಲಿ ಅದಿಲ್ಲದಿದ್ದರೆ ಊಟಕ್ಕೆ ಸಾರಿಲ್ಲದ ಹಾಗೆ. ಬಲಗೈ ಟ್ರೆಮೊಲೊದಲ್ಲಿ ಸಿಕ್ಕಿಹಾಕಿಕೊಂಡಿದೆ, ಎಡಗೈ ಮೆಟ್ಟಿಲು ಒತ್ತುತ್ತಿದೆ, ಮೂರನೇ ಕೈ ಇಲ್ಲ. ಕೆಲಸದ ಹುಡುಗ ರಜೆ ಹಾಕಿದ ದಿನ ದಿನಸಿ ಅಂಗಡಿಯ ಯಜಮಾನರ ಪಾಡು ನೋಡಿ. ಬೇಳೆ ತೂಗಬೇಕು, ಗಲ್ಲಾಪೆಟ್ಟಿಗೆಯೂ ನೋಡಬೇಕು. ಮ್ಯಾಂಡೋಲಿನ್ ವಾದಕನದ್ದು ದಿನವೂ ಅದೇ ಪಾಡು.

ಜೊತೆಗಾರನಿಲ್ಲದೆ ಗತಿಯಿಲ್ಲ

ಹಾಗಾಗಿ ಹಳೇ ಕಾಲದಿಂದಲೂ ಈ ವಾದ್ಯಕ್ಕೆ ಯಾರಾದರೂ ಜೊತೆಗಿರಲೇಬೇಕಿತ್ತು. ವಿವಾಲ್ಡಿ ಇದಕ್ಕಾಗಿ ಬರೆದದ್ದು ಮೇಳದ ಸಮೇತ. 1787ರಲ್ಲಿ ಪ್ರಾಗ್ ನಗರದಲ್ಲಿ ಮೊದಲು ಪ್ರದರ್ಶನಗೊಂಡ ‘ಡಾನ್ ಜೊವಾನಿ’ ಸಂಗೀತ ನಾಟಕದಲ್ಲಿ ಮೊಜಾರ್ಟ್ ಇದನ್ನು ಬಳಸಿದ, ಯಾತಕ್ಕೆ? ಅದೇ ಕಿಟಕಿ ಕೆಳಗಿನ ಹಾಡಿಗೆ! ಬೀಥೋವನ್ ಕೂಡ 1796ರಲ್ಲಿ ಪ್ರಾಗ್‌ಗೆ ಹೋಗಿದ್ದಾಗ ಜೊಸೆಫೀನ್ ಕ್ಲಾರಿ ಎಂಬ ಶ್ರೀಮಂತ ಹೆಣ್ಣುಮಗಳಿಗಾಗಿ ಮ್ಯಾಂಡೋಲಿನ್ ತುಣುಕುಗಳನ್ನು ಬರೆದುಕೊಟ್ಟ. ಅವಕ್ಕೂ ಜೊತೆಗೆ ಕೀಲಿಮಣೆ ಬೇಕು.

ಇನ್ನೊಂದು ತಮಾಷೆ. ಪಿಟೀಲಿನ ದೊರೆ ಅನ್ನಿಸಿಕೊಂಡ ಪಗನಿನಿ ಐದನೇ ವಯಸ್ಸಿನಲ್ಲಿ ಅಪ್ಪನ ಹತ್ತಿರ ಮೊದಲು ಕಲಿತದ್ದು ಪಿಟೀಲನ್ನಲ್ಲ, ಮ್ಯಾಂಡೋಲಿನನ್ನು. ಆಮೇಲೆ ಕಮಾನು ಹಿಡಿದ. ಒಂಟಿ ಪಿಟೀಲಿಗಾಗಿ 24 ಕಪ್ರೀಚೊ ಬರೆದು ಲೋಕವೆಲ್ಲ ಬಾಯಿಬಿಡುವಂತೆ ಮಾಡಿದ. ಮ್ಯಾಂಡೋಲಿನ್‌ಗೆ ಅಂಥದ್ದೊಂದು ಕಟ್ಟು ಸಿಗಲು ಇನ್ನೂ ಬಹಳ ವರ್ಷ ಕಾಯಬೇಕಾಯಿತು.

ಕಾಯುವುದಕ್ಕೆ ಕಾರಣವೂ ಇತ್ತು. ಆಗಿನ ವಾದ್ಯಗಳಲ್ಲಿ ಎಲ್ಲಕ್ಕಿಂತ ಎತ್ತರದ ಶ್ರುತಿಯ ಜೋಡಿ ಪ್ರಾಣಿಯ ಕರುಳಿನ ತಂತಿ, ದನಿ ಮೆತ್ತಗೆ. 1830ರ ದಶಕದಲ್ಲಿ ನೇಪಲ್ಸಿನ ಪಾಸ್ಕ್ವಾಲೆ ವಿನಾಚ್ಚಾ ಎಂಬ ವಾದ್ಯ ತಯಾರಕ ಉಕ್ಕಿನ ತಂತಿ ಏರಿಸಿದ, ಬಿಗಿ ತಡೆಯಲು ಹಲ್ಲುಚಕ್ರದ ಬಿರಡೆ ಕೂರಿಸಿದ, ಮೆಟ್ಟಿಲುಗಳನ್ನು ಇನ್ನಷ್ಟು ಮುಂದಕ್ಕೆ ಬೆಳೆಸಿದ. ವಾದ್ಯಕ್ಕೆ ಗಂಟಲು ಬಂತು. ದೊಡ್ಡ ಸಭೆಯ ಹಿಂದಿನ ಸಾಲಿಗೂ ಕೇಳುವ ಟ್ರೆಮೊಲೊ ಸಾಧ್ಯವಾದದ್ದು ಆಮೇಲೆ.

ಗಂಟಲು ಬಂದರೆ ಹೊಟ್ಟೆ ತುಂಬಬೇಕಲ್ಲ! ಉತ್ತರ ಇಟಲಿಯ ಕ್ರೇಮಾ ಕಡೆಯ ಜೊವಾನಿ ವೈಲಾತಿ ಎಂಬ ಕುರುಡ ವಾದಕನ ಕಥೆ ಕೇಳಿದರೆ ಸಂಕಟವಾಗುತ್ತದೆ. ಯಾರ ಹತ್ತಿರವೂ ಕಲಿಯದೆ ತಾನೇ ಕಲಿತು ಯುರೋಪೆಲ್ಲ ಸುತ್ತಿದ. ‘ಮ್ಯಾಂಡೋಲಿನ್ ಪಗನಿನಿ’ ಅಂತ ಬಿರುದು. ಚಪ್ಪಾಳೆಗೆ ಬರವಿರಲಿಲ್ಲ. ಕೊನೆಗೆ 1890ರಲ್ಲಿ ಪ್ರಾಣ ಬಿಟ್ಟದ್ದು ಕ್ರೇಮಾದ ಬಡವರ ಆಶ್ರಮದಲ್ಲಿ. ಅದೇ ಕಾಲಕ್ಕೆ ಇಟಲಿಯ ರಾಣಿ ಮಾರ್ಗರಿತಾ ಮ್ಯಾಂಡೋಲಿನ್ ನುಡಿಸುತ್ತಿದ್ದಳು, ರಾಣಿಯ ಹಿಂದೆ ಶ್ರೀಮಂತರ ಮನೆಯ ಹೆಂಗಸರೂ ಕಲಿಯುತ್ತಿದ್ದರು. ಅರಮನೆಯಲ್ಲಿ ಅದು ಷೋಕಿ, ಬೀದಿಯಲ್ಲಿ ಅದು ಭಿಕ್ಷೆ. ನಡುವೆ ಕಸುಬುದಾರ ಕಲಾವಿದನಿಗೆ ಜಾಗ ಎಲ್ಲಿ?

ಕಲಾಚೆಯ ಅಂಗಡಿ

ರಫಯೇಲೆ ಕಲಾಚೆ ಹುಟ್ಟಿದ್ದು 1863ರ ಕೊನೆಯಲ್ಲಿ, ನೇಪಲ್ಸಿನಲ್ಲಿ. ಅಜ್ಜನ ಕಾಲದಿಂದ ಮನೆತನದ ಕಸುಬು ಮ್ಯಾಂಡೋಲಿನ್, ಗಿಟಾರ್ ತಯಾರಿಕೆ. ಹಳೇ ಊರಿನ ಸ್ಯಾನ್ ಡೊಮೆನಿಕೊ ಮಜ್ಜೋರೆ ಓಣಿಯ ವಿಳಾಸ ಈ ಮನೆತನದ ಹೆಸರಿನೊಂದಿಗೆ ಅಂಟಿಕೊಂಡಿದೆ. ಹುಡುಗ ಊರಿನ ಸಂಗೀತ ಶಾಲೆಯಲ್ಲೂ ಓದಿ ತೇರ್ಗಡೆಯಾದ. ಅಂದರೆ ಒಂದು ಕೈಯಲ್ಲಿ ಉಳಿ, ಇನ್ನೊಂದು ಕೈಯಲ್ಲಿ ಸ್ವರ ಬರೆಯುವ ಲೇಖನಿ. ಅಂಟು ಒಣಗುವ ಹೊತ್ತಿಗೆ ಹಾಡು ಕಟ್ಟುವ ಆಸಾಮಿ.

ಈ ಎರಡೂ ಒಬ್ಬನಲ್ಲೇ ಸೇರಿದ್ದರಿಂದ ಆದ ಲಾಭ ಸಣ್ಣದಲ್ಲ. ಬೇರೆ ಸಂಗೀತಗಾರ ವಾದ್ಯದ ಮಿತಿ ಕಂಡರೆ ಕೈಚೆಲ್ಲಿ ಕೂರುತ್ತಾನೆ. ಇವನು ತನ್ನ ಬೆಂಚಿಗೆ ಹೋಗಿ ವಾದ್ಯವನ್ನೇ ತಿದ್ದಬಹುದು. ಕುದುರೆ ಎಷ್ಟು ಎತ್ತರ ಇದ್ದರೆ ಬಿಲ್ಲೆ ದಪ್ಪ ತಂತಿಯಿಂದ ತೆಳು ತಂತಿಗೆ ಸಲೀಸಾಗಿ ಹಾರುತ್ತದೆ, ಎಂಥ ಮರ ಎಂಥ ನಾದ ಕೊಡುತ್ತದೆ ಅನ್ನುವುದು ಬೆರಳ ತುದಿಗೇ ಗೊತ್ತು. ವಾದ್ಯ ಕೊಳ್ಳಲು ಬಂದವನಿಗೆ ಅದು ಎಷ್ಟು ದೂರ ಹೋಗಬಲ್ಲದು ಅಂತ ನುಡಿಸಿ ತೋರಿಸುವುದಕ್ಕೂ ಇವನಿಗಿಂತ ತಕ್ಕವನು ಬೇಕೆ?

ಜೀವಮಾನದಲ್ಲಿ ಇನ್ನೂರರ ಹತ್ತಿರ ಕೃತಿಗಳನ್ನು ಬರೆದ. ಎಲ್ಲವೂ ಅಪರಂಜಿ ಅಂತ ಹೇಳಲಾಗದು. ಕುಣಿತದ ತುಣುಕುಗಳು, ಮನೆಯ ಹಜಾರದಲ್ಲಿ ನುಡಿಸಿ ಮರೆತುಬಿಡುವ ಸಿಹಿ ಸಿಹಿ ರಾಗಗಳೂ ಅದರಲ್ಲಿವೆ. ಅಂಗಡಿ ನಡೆಯಬೇಕಲ್ಲ! ಕಲಿಯುವವರಿಗಾಗಿ ಹಂತ ಹಂತದ ಪಾಠಪುಸ್ತಕ ಬರೆದ. ಆದರೆ ಅವನ ಹೆಸರು ಇವತ್ತಿಗೂ ನಿಂತಿರುವುದು ಪಕ್ಕವಾದ್ಯವಿಲ್ಲದ ಒಂಟಿ ಮ್ಯಾಂಡೋಲಿನ್‌ಗೆ ಬರೆದ ಪ್ರಿಲ್ಯೂಡುಗಳ ಮೇಲೆ.

ಪ್ರಿಲ್ಯೂಡ್ ಅಂದರೆ ಪೀಠಿಕೆ. ನಮ್ಮ ಆಲಾಪನೆಯ ದಾಯಾದಿ ಅನ್ನಬಹುದೇನೋ. ಆದರೆ ಇಲ್ಲಿ ಮನೋಧರ್ಮಕ್ಕೆ ಬಿಟ್ಟದ್ದು ಕಡಿಮೆ, ಪ್ರತಿಯೊಂದು ಏಟೂ ಕಾಗದದ ಮೇಲಿದೆ. ನಾಲ್ಕೂ ಜೋಡಿ ತಂತಿಗಳ ಮೇಲೆ ಬಿಲ್ಲೆ ಜಾರಿಸಿ ಎಬ್ಬಿಸುವ ದೊಡ್ಡ ಮೊಳಗು, ಅಲೆ ಬಂದು ಹೋದಂತೆ ತಂತಿಯಿಂದ ತಂತಿಗೆ ಓಡಾಟ, ಮೂರು ನಾಲ್ಕು ಜೋಡಿ ಒಟ್ಟಿಗೆ ನಡುಗಿ ಒಂದು ಸಣ್ಣ ಮೇಳವೇ ಎದ್ದು ನಿಂತಂತೆ ಕೇಳುವುದು ಎಲ್ಲ ಉಂಟು. ಕಲಾಚೆಯ ಕೈಯಲ್ಲಿ ಇವು ಬರಿಯ ಸರ್ಕಸ್ ಆಗುವುದಿಲ್ಲ. ಮೊಳಗು ಅಡಗಿ ಮಧ್ಯದಲ್ಲಿ ಒಂದು ಹಾಡು ಏಳುತ್ತದೆ ನೋಡಿ, ಅಲ್ಲಿ ಅವನ ಪರೀಕ್ಷೆ.

ಬಿಲ್ಲೆಯ ಹಾರಾಟ

ಆ ಹಾಡನ್ನು ನುಡಿಸುವ ಕ್ರಮಕ್ಕೆ ವಾದಕರು ‘ಡ್ಯುಯೋ ಸ್ಟೈಲ್’ ಅನ್ನುತ್ತಾರೆ. ಒಬ್ಬನೇ ಇಬ್ಬರಾಗಿ ನುಡಿಸುವುದು. ತೆಳು ತಂತಿಯ ಮೇಲೆ ಟ್ರೆಮೊಲೊ ನಡೆದೇ ಇರುತ್ತದೆ. ಆ ಮಧ್ಯೆ ತಾಳ ತಪ್ಪದ ಹಾಗೆ ಬಿಲ್ಲೆ ದಪ್ಪ ತಂತಿಗೆ ಹಾರಿ, ಒಂದೇ ಒಂದು ಏಟು ಹಾಕಿ, ಮತ್ತೆ ತೆಳು ತಂತಿಗೆ ವಾಪಸ್. ಹೋಗಿ ಬರುವಷ್ಟು ಹೊತ್ತು ನಿಜವಾಗಿ ಹಾಡು ನಿಂತಿರುತ್ತದೆ! ಆದರೆ ಹೊಡೆದ ಕೆಳಸ್ವರ ಗುಂಯ್‌ಗುಟ್ಟುತ್ತಿರುವುದರಿಂದ, ಹಾಡು ಮತ್ತೆ ಅದೇ ಬಲದಲ್ಲಿ ಹಿಡಿದುಕೊಳ್ಳುವುದರಿಂದ, ಕಿವಿ ಆ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೇಳುಗನಿಗೆ ಇಬ್ಬರು ನುಡಿಸಿದ ಹಾಗೆ. ಒಬ್ಬ ಹಾಡುತ್ತಾನೆ, ಇನ್ನೊಬ್ಬ ಒತ್ತು ಕೊಡುತ್ತಾನೆ.

ಓದಿದಷ್ಟು ಸುಲಭವಲ್ಲ ಸ್ವಾಮಿ. ಟ್ರೆಮೊಲೊ ಮಾಡುವಾಗ ಮಣಿಕಟ್ಟು ಸಡಿಲವಾಗಿರಬೇಕು. ಹಾರುವಾಗ ಗುರಿ ತಪ್ಪಬಾರದು. ಸಡಿಲ ಬಿಟ್ಟರೆ ಗುರಿ ತಪ್ಪುತ್ತದೆ, ಗುರಿ ನೋಡಿದರೆ ಕೈ ಬಿಗಿಯುತ್ತದೆ. ಕೈ ಬಿಗಿದರೆ ಟ್ರೆಮೊಲೊ ಹೊಲಿಗೆ ಯಂತ್ರದ ಹಾಗೆ ಕಟಕಟ ಅನ್ನುತ್ತದೆ. ಇತ್ತ ಎಡಗೈಗೂ ಬಿಡುವಿಲ್ಲ. ಒಂದು ಬೆರಳು ಹಾಡಿನ ಸ್ವರ ಒತ್ತಿ ಹಿಡಿದಿರುವಾಗಲೇ ಇನ್ನೊಂದು ದಪ್ಪ ತಂತಿಯ ಮೇಲೆ ಕೆಳಸ್ವರ ಹುಡುಕಬೇಕು. ಜೋಡಿ ತಂತಿ ಬೇರೆ, ಎರಡನ್ನೂ ಸಮನಾಗಿ ಒತ್ತಬೇಕು. ಕಲಿಯುವ ಕಾಲಕ್ಕೆ ಬೆರಳ ತುದಿ ಉರಿ ಎದ್ದು ಹೋಗುತ್ತದೆ.

ಈ ವಿದ್ಯೆ ಕಲಾಚೆ ಒಬ್ಬನ ಸ್ವತ್ತೂ ಅಲ್ಲ. ಅದೇ ನೇಪಲ್ಸಿನಲ್ಲಿ ಹುಟ್ಟಿ ಫ್ಲಾರೆನ್ಸಿನಲ್ಲಿ ನೆಲೆಸಿದ ಕಾರ್ಲೊ ಮುನಿಯೆರ್ 1911ರಲ್ಲಿ ತೀರಿಕೊಳ್ಳುವವರೆಗೆ ಮ್ಯಾಂಡೋಲಿನ್‌ಗಾಗಿ ಗಂಭೀರ ಸಂಗೀತ, ಕಠಿಣ ಅಭ್ಯಾಸ ಪಾಠ ಬರೆಯುತ್ತಲೇ ಇದ್ದ. ಇಟಲಿಯಿಂದ ಅಮೆರಿಕಕ್ಕೆ ಹೋಗಿ ರೋಡ್ ಐಲೆಂಡಿನ ಪ್ರಾವಿಡೆನ್ಸ್‌ನಲ್ಲಿ ನೆಲೆಸಿದ ಜುಸೆಪ್ಪೆ ಪೆಟ್ಟೀನೆ ಡ್ಯುಯೋ ಸ್ಟೈಲನ್ನು ಪಾಠವಾಗಿ ಬರೆದು ಅಲ್ಲಿಯವರಿಗೆ ಕಲಿಸಿದ. 1966ರವರೆಗೂ ಬದುಕಿದ್ದ ಪೆಟ್ಟೀನೆ ಈ ವಾದ್ಯದ ಏಳನ್ನೂ ಕಂಡ, ಬೀಳನ್ನೂ ಕಂಡ.

ಬೀಳು ಬಂದದ್ದು ಮೊದಲ ಮಹಾಯುದ್ಧದ ಹೊತ್ತಿಗೆ. ಆ ಮೊದಲು ಯುರೋಪು ಅಮೆರಿಕಗಳ ಊರೂರಿನಲ್ಲಿ ಮ್ಯಾಂಡೋಲಿನ್ ಸಂಘಗಳಿದ್ದವು. ಯುದ್ಧ ಮುಗಿದ ಮೇಲೆ ಕುಣಿತದ ಮೇಳ, ಜಾಜ್ ಸಂಗೀತದ ಗದ್ದಲ. ಗದ್ದಲದಲ್ಲಿ ಮೆತ್ತನೆಯ ದನಿಯವನ ಮಾತು ಯಾರಿಗೆ ಕೇಳೀತು? ಮ್ಯಾಂಡೋಲಿನ್ ಅಟ್ಟ ಸೇರಿತು.

ಆದರೆ ಜಪಾನಿನಲ್ಲಿ ಕಥೆ ಬೇರೆ. 1924ರಲ್ಲಿ, ಅರವತ್ತು ತುಂಬಿದ್ದ ಕಲಾಚೆ ಹಡಗು ಹತ್ತಿ ಅಲ್ಲಿಗೆ ಹೋದ. ಹಿಂದಿನ ವರ್ಷವಷ್ಟೇ ಮಹಾ ಭೂಕಂಪ ಟೋಕಿಯೋವನ್ನು ನೆಲಸಮ ಮಾಡಿತ್ತು. ಅಂಥ ಊರಿನವರು ನೇಪಲ್ಸಿನ ಅಂಗಡಿಕಾರನನ್ನು ಕರೆದು ಕೂರಿಸಿ ಕೇಳಿದರು. ಮುಂದೆ ಚಕ್ರವರ್ತಿಯಾದ ಯುವರಾಜ ಹಿರೊಹಿಟೊ ಎದುರು ಅವನ ವಾದನ ನಡೆಯಿತು. ಕ್ಷೌರದಂಗಡಿಯ ವಾದ್ಯಕ್ಕೆ ಅರಮನೆಯ ಬಾಗಿಲು ತೆರೆಯಿತು, ಅದೂ ಷೋಕಿಗಲ್ಲ, ವಿದ್ಯೆಯ ಬಲದ ಮೇಲೆ. ಅರಮನೆಯ ಅಧಿಕಾರಿ ಮೊರಿಶಿಗೆ ತಾಕೆಯಿ ತಾನೇ ಮ್ಯಾಂಡೋಲಿನ್ ಮೇಳ ಕಟ್ಟಿದ್ದವನು. ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮ್ಯಾಂಡೋಲಿನ್ ಸಂಘಗಳ ಪರಂಪರೆ ಈಗಲೂ ಮುಂದುವರಿದಿದೆ.

ಕಲಾಚೆ 1934ರಲ್ಲಿ ತೀರಿಕೊಂಡ. ಮಗ ಜುಸೆಪ್ಪೆ ಅಂಗಡಿ ನೋಡಿಕೊಂಡ, ಮಗಳು ಮರಿಯಾ ವಾದಕಿಯಾದಳು.

ಪಾದುವಾದಿಂದ ಪಾಲಕೊಲ್ಲಿಗೆ

ಇಟಲಿಯಲ್ಲೇ ಈ ವಾದ್ಯಕ್ಕೆ ಸರ್ಕಾರಿ ಸಂಗೀತ ಕಾಲೇಜಿನೊಳಗೆ ಪಾಠಪೀಠ ಸಿಕ್ಕಿದ್ದು ಯಾವಾಗ ಅಂತೀರಿ? 1970ರ ದಶಕದಲ್ಲಿ! ಸಾರ್ಡಿನಿಯಾ ದ್ವೀಪದ ಜುಸೆಪ್ಪೆ ಅನೆದ್ದಾ ಪಾದುವಾದಲ್ಲಿ ತರಗತಿ ಶುರುಮಾಡಿದರು. ಕಲಾಚೆ ಕಣ್ಣುಮುಚ್ಚಿ ನಲವತ್ತು ವರ್ಷದ ಮೇಲೆ. ಹುಟ್ಟಿದ ಮನೆಯಲ್ಲಿ ಮಣೆ ಹಾಕಲು ಇಷ್ಟು ತಡವಾದದ್ದು ಸೋಜಿಗವೇ. ಮುಂದೆ ಅದೇ ಪಾದುವಾಕ್ಕೆ ಹೋಗಿ ಕಲಿತ ಇಸ್ರೇಲಿನ ಆವಿ ಅವಿತಾಲ್ ಹೆಸರು 2010ರಲ್ಲಿ ಗ್ರ್ಯಾಮಿ ಪ್ರಶಸ್ತಿಯ ಶಾಸ್ತ್ರೀಯ ವಿಭಾಗದ ಪಟ್ಟಿಗೆ ಬಂತು. ಮ್ಯಾಂಡೋಲಿನ್ ವಾದಕರಲ್ಲಿ ಅದು ಮೊದಲು.

ಒಂಟಿ ವಾದನದ ಭಂಡಾರಕ್ಕೆ ಜಪಾನಿನ ಯಾಸುವೊ ಕುವಹಾರ ಸೇರಿಸಿದ್ದು ಬೇರೆಯೇ ರುಚಿ. 2003ರಲ್ಲಿ ತೀರಿಕೊಂಡ ಇವರ ‘ಜೊಂಗರಾ’ ಎಂಬ ಕೃತಿಯಲ್ಲಿ ಮ್ಯಾಂಡೋಲಿನ್ ತನ್ನ ಇಟಲಿ ವೇಷ ಕಳಚಿ, ಉತ್ತರ ಜಪಾನಿನ ಬಯಲು ಹಾಡುಗಾರರ ಶಮಿಸೆನ್ ವಾದ್ಯದ ಹಾಗೆ ಚಟಚಟನೆ ಸಿಡಿಯುತ್ತದೆ. ಅತ್ತ ಅಮೆರಿಕದ ಕ್ರಿಸ್ ಥೀಲಿ, 1720ರ ಹಸ್ತಪ್ರತಿಯಲ್ಲಿರುವ ಬಾಖ್‌ನ ಒಂಟಿ ಪಿಟೀಲಿನ ಕೃತಿಗಳನ್ನು ಮ್ಯಾಂಡೋಲಿನ್ ಮೇಲೆ ನುಡಿಸಿ 2013ರಲ್ಲಿ ಧ್ವನಿಮುದ್ರಿಕೆ ತಂದರು. ಶ್ರುತಿ ಒಂದೇ ಆದ್ದರಿಂದ ಬೆರಳಿಗೆ ಹೊಂದುತ್ತದೆ. ಚೆನ್ನಾಗಿದೆ, ಅನುಮಾನವಿಲ್ಲ. ಆದರೂ ಅದು ಪಿಟೀಲಿನಿಂದ ಕೈಗಡ ತಂದದ್ದು. ಕಲಾಚೆಯದು ಸ್ವಂತ ಗಂಟು. ಈ ವಾದ್ಯಕ್ಕೆ ಏನಾಗುತ್ತದೆ, ಏನಾಗುವುದಿಲ್ಲ ಅಂತ ಮರ ಕೆತ್ತಿ ತಿಳಿದವನ ಬರವಣಿಗೆ.

ಟಿಣ್ ಅಂದು ಆರುವ ಸ್ವರದ ತಾಪತ್ರಯ ನಮ್ಮ ಕಡೆಯವರನ್ನೂ ಬಿಟ್ಟಿಲ್ಲ. ಆಂಧ್ರದ ಪಾಲಕೊಲ್ಲಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಕರ್ನಾಟಕ ಸಂಗೀತಕ್ಕೆ ಮ್ಯಾಂಡೋಲಿನ್ ಹಿಡಿದಾಗ ಎದುರಾದದ್ದು ಇದೇ ಗೋಡೆ. ಸ್ವರ ನಿಲ್ಲದಿದ್ದರೆ ಗಮಕ ಎಲ್ಲಿಂದ ಬರಬೇಕು? ಟ್ರೆಮೊಲೊ ಮಾಡಿದರೆ ತೋಡಿ ತೋಡಿಯಾಗಿ ಉಳಿಯುತ್ತದೆಯೇ? ಅವರು ಹಿಡಿದದ್ದು ಬೇರೆ ದಾರಿ. ಜೋಡಿ ತಂತಿ ಕಿತ್ತು ಒಂಟಿ ಮಾಡಿದರು, ಐದನೇ ತಂತಿ ಸೇರಿಸಿದರು, ವಿದ್ಯುತ್ ಜೋಡಿಸಿ ನಾದ ಉದ್ದ ಮಾಡಿದರು. ಎಳೆಯ ಹುಡುಗನಿದ್ದಾಗಲೇ ವಿದ್ವಾಂಸರ ಹುಬ್ಬು ಏರಿಸಿದರು, 1998ರಲ್ಲಿ ಪದ್ಮಶ್ರೀ ಪಡೆದರು, 2014ರ ಸೆಪ್ಟೆಂಬರಿನಲ್ಲಿ 45ರ ವಯಸ್ಸಿಗೇ ಹೋಗಿಬಿಟ್ಟರು. ಅವರ ಕಚೇರಿಯಲ್ಲಿ ಪಿಟೀಲು, ಮೃದಂಗ ಜೊತೆಗಿರುತ್ತಿದ್ದವು. ಅದು ನಮ್ಮ ಪದ್ಧತಿ. ನೇಪಲ್ಸಿನವನು ತಂತಿ ಬದಲಾಯಿಸದೆ ಬಲಗೈ ಬದಲಾಯಿಸಿಕೊಂಡ, ಪಾಲಕೊಲ್ಲಿನವರು ವಾದ್ಯವನ್ನೇ ಬದಲಾಯಿಸಿದರು.

ಕೇಳಬೇಕೆನ್ನಿಸಿದವರು ಮೊಬೈಲಿನಲ್ಲಿ ಕಲಾಚೆಯ ಎರಡನೇ ಪ್ರಿಲ್ಯೂಡ್ ಹುಡುಕಬಹುದು. ಹಲವು ದೇಶದ ವಾದಕರು ನುಡಿಸಿದ್ದು ಸಿಗುತ್ತದೆ. ಬಸ್ಸಿನಲ್ಲಿ ಮಾತ್ರ ಬೇಡ. ಇಂಜಿನ್ ಸದ್ದು ಮೊದಲು ನುಂಗುವುದೇ ಆ ಕೆಳಸ್ವರವನ್ನು. ರಾತ್ರಿ ಅಂಗಡಿಯ ಷಟರ್ ಎಳೆದು ಲೆಕ್ಕ ಮುಗಿದ ಮೇಲೆ ಹಾಕಿ. ಮೊದಲ ಸಲ ಚಿತ್ರ ನೋಡದೆ ಬರೀ ಕೇಳಿ, ಎಷ್ಟು ಜನ ನುಡಿಸುತ್ತಿದ್ದಾರೆ ಅಂತ ಪಕ್ಕದಲ್ಲಿದ್ದವರನ್ನೂ ಕೇಳಿ. ಎರಡನೇ ಸಲ ಚಿತ್ರ ಹಾಕಿ ವಾದಕನ ಬಲಗೈಯನ್ನೇ ನೋಡಿ.